ಹಳಿಯ ಪಕ್ಕದ ಮನೆಗೆ ಹೆಣ್ಣು ಕೊಡುವ ಮುನ್ನ

ರೈಲ್ವೆ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಹುಡುಗನಿಗೆ ಅಣ್ಣನ ಮಗಳನ್ನು ಕೊಡಬಹುದೇ ಎಂದು ಚಳ್ಳಕೆರೆಯಿಂದ ನೀವು ಕೇಳಿದ ಪ್ರಶ್ನೆಗೆ ಎರಡೇ ಸಾಲಿನಲ್ಲಿ ಉತ್ತರ ಹೇಳಬಹುದಿತ್ತು. ಹುಡುಗನಿಗೆ ರೈಲ್ವೆ ನೌಕರಿ, ತಿಂಗಳಾದರೆ ಸಂಬಳ, ಧಾರಾಳವಾಗಿ ಮಾಡಿಕೊಳ್ಳಿ ಎಂದುಬಿಟ್ಟರೆ ನಿಮಗೂ ಸಮಾಧಾನ, ನನಗೂ ಕೆಲಸ ಮುಗಿಯಿತು. ಆದರೆ ನಿಮ್ಮ ಅಣ್ಣನ ಮಗಳು ಬಂದು ಸೇರುವುದು ಆನಂದಪುರ ಮತ್ತು ಸಾಗರದ ನಡುವೆ ಹಳಿಯ ಪಕ್ಕದಲ್ಲಿರುವ ಮನೆಗೆ. ಅಂಥದೇ ಮನೆಯಲ್ಲಿ ಬೆಳೆದವನು ನಾನು. ನಮ್ಮ ತಂದೆ ಗ್ಯಾಂಗ್‌ಮನ್ ಆಗಿ ಸೇರಿ ಕೀಮನ್ ಆಗಿ ನಿವೃತ್ತರಾದವರು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಜಾಗದ ವಿಚಾರ. ನಾನಿರುವ ತಾಳಗುಪ್ಪ ಶಿವಮೊಗ್ಗ ಜಿಲ್ಲೆಯ ಅಂಚು. ಸ್ವಲ್ಪ ಆಚೆಗೆ ಹೋದರೆ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕು. ರೈಲಿನ ಹಳಿಯೂ ಇಲ್ಲಿಗೇ ಮುಗಿಯುತ್ತದೆ. ಜೋಗಕ್ಕೆ ಹೋಗುವವರು ಇಲ್ಲಿ ಇಳಿದು ಬಸ್ಸು ಹಿಡಿಯಬೇಕು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಬಂದ ಮೀಟರ್‌ಗೇಜ್ ಹಳಿ ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ಇಲ್ಲಿಗೆ ಮುಟ್ಟುವಾಗ 1940 ಆಗಿತ್ತು. ಅದರ ಕೊನೆಗಾಲದಲ್ಲಿ ಬಸ್ಸಿನಂಥದೇ ಒಂದು ಡಬ್ಬಿ ಹಳಿಯ ಮೇಲೆ ಓಡುತ್ತಿತ್ತು, ರೈಲ್‌ಬಸ್ ಎನ್ನುತ್ತಿದ್ದೆವು. ಬ್ರಾಡ್‌ಗೇಜ್ ಆಗಿ ದೊಡ್ಡ ಗಾಡಿ ತಾಳಗುಪ್ಪಕ್ಕೆ ಬಂದದ್ದು 2011ರಲ್ಲಿ. ಅರಸಾಳಿನ ಹಳೆಯ ನಿಲ್ದಾಣ ದೂರದರ್ಶನದ ಧಾರಾವಾಹಿಯಲ್ಲಿ ಕಾಣಿಸಿಕೊಂಡ ಪುಣ್ಯಕ್ಕೆ ಈಗ ವಸ್ತುಸಂಗ್ರಹಾಲಯವಾಗಿದೆ. ಪ್ರವಾಸಿಗರು ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲೇ ಪಕ್ಕದಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಜಲ್ಲಿ ಎಳೆಯುವವರ ಕಡೆಗೆ ಯಾರ ಕ್ಯಾಮೆರಾವೂ ತಿರುಗುವುದಿಲ್ಲ. ನಿಮ್ಮ ಹುಡುಗ ಆ ಕಿತ್ತಳೆ ಅಂಗಿಯವರಲ್ಲಿ ಒಬ್ಬ.

ಕೆಲಸ ಏನೆಂದು ಕೇಳಿದಿರಿ. ಹಳಿಯನ್ನು ಆರೇಳು ಕಿಲೋಮೀಟರಿನ ತುಂಡುಗಳಾಗಿ ಹಂಚಿ ಒಂದೊಂದನ್ನು ಒಂದೊಂದು ಗ್ಯಾಂಗಿಗೆ ಕೊಟ್ಟಿರುತ್ತಾರೆ. ಗ್ಯಾಂಗಿಗೊಬ್ಬ ಮೇಟ್, ಅವನ ಕೈಕೆಳಗೆ ಉಳಿದವರು. ಹಳಿಯ ಕೆಳಗೆ ಅಡ್ಡಲಾಗಿ ಹಾಕುವ ಸ್ಲೀಪರಿನ ಅಡಿಗೆ ಜಲ್ಲಿ ತುಂಬುವುದು, ಕುಳಿತ ಹಳಿಯನ್ನು ಎತ್ತುವುದು, ಚರಂಡಿ ಬಿಡಿಸುವುದು, ಗಿಡಗಂಟಿ ಸವರುವುದು, ಎಲ್ಲವೂ ಅವರದೇ. ಈಗ ಜಲ್ಲಿ ಗಿಡಿಯಲು ಯಂತ್ರ ಬರುತ್ತದೆ. ಯಂತ್ರ ಹೋದ ಮೇಲೆ ಉಳಿಯುವುದು ಹಾರೆ, ಪಿಕಾಸಿ, ಗುದ್ದಲಿಯೇ. ಕೀಮನ್ ಎನ್ನುವವನು ಮಾತ್ರ ಒಂಟಿ. ಬೆಳಗ್ಗೆ ಹೆಗಲಿಗೆ ಸುತ್ತಿಗೆ, ಸ್ಪ್ಯಾನರ್, ಕಂಕುಳಲ್ಲಿ ಕೆಂಪು ಹಸಿರು ಬಾವುಟ ಇಟ್ಟುಕೊಂಡು ತನ್ನ ಪಾಲಿನ ಹಳಿಯನ್ನು ಹೋಗುವಾಗ ಒಂದು ಕಡೆಯಿಂದ, ಬರುವಾಗ ಇನ್ನೊಂದು ಕಡೆಯಿಂದ ನೋಡಿಕೊಂಡು ಬರಬೇಕು. ಸಡಿಲಾದ ಕ್ಲಿಪ್ಪನ್ನು ಹೊಡೆದು ಕೂರಿಸಬೇಕು, ಬೋಲ್ಟು ಬಿಗಿಯಬೇಕು, ಹಳಿಯಲ್ಲಿ ಕೂದಲೆಳೆಯ ಬಿರುಕು ಕಂಡರೂ ಅಲ್ಲೇ ಬಾವುಟ ನೆಟ್ಟು ಗಾಡಿ ನಿಲ್ಲಿಸಬೇಕು. ನಮ್ಮಪ್ಪ ನಿವೃತ್ತರಾಗಿ ಇಷ್ಟು ಕಾಲವಾದರೂ ರಸ್ತೆಯಲ್ಲಿ ನಡೆಯುವಾಗ ನೆಲ ನೋಡಿಕೊಂಡೇ ನಡೆಯುತ್ತಾರೆ. ಪರಿಚಯದವರು ಎದುರು ಬಂದರೂ ಗೊತ್ತಾಗುವುದಿಲ್ಲ. ಸೊಕ್ಕು ಎಂದುಕೊಂಡವರೂ ಇದ್ದಾರೆ.

ಇದೆಲ್ಲ ನಿಮ್ಮ ಬಯಲುಸೀಮೆಯ ಗ್ಯಾಂಗ್‌ಮನ್‌ಗೂ ಇರುವುದೇ. ನಿಮ್ಮಲ್ಲಿ ಇಲ್ಲದ್ದು ನಮ್ಮ ಮಳೆ.

ಜೂನ್ ತಿಂಗಳಿನಲ್ಲಿ ಮಳೆ ಹಿಡಿದರೆ ರಾತ್ರಿ ಗಸ್ತು ಶುರು. ಇಲ್ಲಿ ಹಳಿಯ ಎರಡೂ ಕಡೆ ಕೆಂಪು ಮಣ್ಣಿನ ಧರೆ, ಅಂದರೆ ಗುಡ್ಡ ಕಡಿದಾಗ ಉಳಿದ ಎತ್ತರದ ಬದಿ, ಅದರ ಮೇಲೆ ಕಾಡು ಇಲ್ಲವೇ ಅಕೇಶಿಯಾ ನೆಡುತೋಪು. ನಾಲ್ಕು ದಿನ ಬಿಡದೆ ಹೊಯ್ದರೆ ಧರೆ ನೀರು ಕುಡಿದು ಯಾವಾಗ ಜಾರುತ್ತದೆ ಎಂದು ಹೇಳಲಾಗದು. ಅಕೇಶಿಯಾ ಮರಕ್ಕೆ ಬೀಳಲು ದೊಡ್ಡ ಗಾಳಿಯೂ ಬೇಡ. ಗಸ್ತಿನವನು ಮೂರು ಬಣ್ಣದ ಟಾರ್ಚು, ಸೀಟಿ, ಬಾವುಟ, ಡಿಟೊನೇಟರಿನ ಡಬ್ಬಿ ಹಿಡಿದು ರಾತ್ರಿಯಿಡೀ ತನ್ನ ಬೀಟ್ ನಡೆಯುತ್ತಾನೆ. ಬೀಟಿನ ತುದಿಯಲ್ಲಿ ಆಚೆ ಕಡೆಯ ಗಸ್ತಿನವನು ಸಿಗುತ್ತಾನೆ. ಇಬ್ಬರೂ ಪುಸ್ತಕ ಬದಲಾಯಿಸಿಕೊಂಡು ವಾಪಸು ತಿರುಗುತ್ತಾರೆ. ನಡುವೆ ಮಲಗಿ ಎದ್ದುಬರುವ ಉಪಾಯಕ್ಕೆ ಆ ಪುಸ್ತಕವೇ ಅಡ್ಡ. ಈಗಂತೂ ಜಿಪಿಎಸ್ ಯಂತ್ರವನ್ನೂ ಕೊಡುತ್ತಾರೆ.

ಧರೆ ಕುಸಿದದ್ದು ಕಂಡಿತೆಂದುಕೊಳ್ಳಿ. ಅಲ್ಲಿ ಕೆಂಪು ದೀಪ ಇಟ್ಟು ಗಾಡಿ ಬರುವ ದಿಕ್ಕಿಗೆ ಓಡಬೇಕು. 600 ಮೀಟರಿನಲ್ಲಿ ಹಳಿಯ ಮೇಲೆ ಒಂದು ಡಿಟೊನೇಟರ್, 1200 ಮೀಟರಿನಲ್ಲಿ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು. ಎಂಜಿನಿನ ಚಕ್ರ ಹತ್ತಿದೊಡನೆ ಅವು ಸಿಡಿಯುತ್ತವೆ, ಚಾಲಕ ಬ್ರೇಕ್ ಹಾಕುತ್ತಾನೆ. ಹಗಲಿನಲ್ಲಿ ಒಣನೆಲದ ಮೇಲೆ 1200 ಮೀಟರ್ ಏನೂ ಅಲ್ಲ. ನಡುರಾತ್ರಿ, ಮುಖಕ್ಕೆ ಹೊಡೆಯುವ ಮಳೆಯಲ್ಲಿ, ಜಾರುವ ಸ್ಲೀಪರಿನ ಮೇಲೆ, ಕಾಲಿಗೆ ಗಂಬೂಟು ಹಾಕಿಕೊಂಡು ಓಡುವವನಿಗೆ ಅದು ಎಷ್ಟು ಉದ್ದ ಎಂದು ನಮ್ಮಪ್ಪನನ್ನು ಕೇಳಬೇಕು. ಅವರು ಹೇಳುವುದೂ ಇಲ್ಲ. 'ಓಡಿದೆವಪ್ಪ' ಎನ್ನುತ್ತಾರೆ, ಅಷ್ಟೇ. ನಾವು ಮಕ್ಕಳು ಆ ಡಬ್ಬಿಗೆ ಪಟಾಕಿ ಡಬ್ಬಿ ಎನ್ನುತ್ತಿದ್ದೆವು. ಅದನ್ನು ಮುಟ್ಟಿ ನಮ್ಮಪ್ಪನಿಂದ ತಿಂದ ಏಟು ಇನ್ನೂ ನೆನಪಿದೆ.

ಇನ್ನು ಮನೆಯ ಕಡೆಯ ಗಸ್ತು. ಇದನ್ನು ಯಾರೂ ಪುಸ್ತಕದಲ್ಲಿ ಬರೆಯುವುದಿಲ್ಲ. ಬೆಳಗಿನ ಜಾವ ಗಂಡ ಬರುವ ಹೊತ್ತಿಗೆ ಬಚ್ಚಲ ಒಲೆ ಉರಿಯುತ್ತಿರಬೇಕು, ಹಂಡೆಯಲ್ಲಿ ನೀರು ಕಾದಿರಬೇಕು. ಒಂದು ಜೊತೆ ಬಟ್ಟೆ ಮೈಮೇಲೆ ನೆನೆಯುತ್ತಿದ್ದರೆ ಇನ್ನೊಂದು ಜೊತೆ ಆ ಒಲೆಯ ಮೇಲಿನ ಗಳುವಿನಲ್ಲಿ ಒಣಗುತ್ತಿರಬೇಕು. ಮಳೆಗಾಲದ ನಾಲ್ಕು ತಿಂಗಳು ನಮ್ಮಪ್ಪನ ಸಮವಸ್ತ್ರಕ್ಕೆ ಹೊಗೆಯ ವಾಸನೆ ಬಿಟ್ಟು ಬೇರೆ ವಾಸನೆ ಇರಲಿಲ್ಲ. ಕಾಲು ತೊಳೆಯುವಾಗ ಅಮ್ಮ ದೀಪ ಹಿಡಿದು ಬೆರಳ ಸಂದಿಯಲ್ಲಿ ಇಂಬಳ, ಅಂದರೆ ರಕ್ತ ಹೀರುವ ಜಿಗಣೆ, ಹುಡುಕುತ್ತಿದ್ದರು. ಸುಣ್ಣ ಮುಟ್ಟಿಸಿದರೆ ಅದು ತಾನಾಗಿ ಬಿಡುತ್ತದೆ, ಕಿತ್ತರೆ ರಕ್ತ ನಿಲ್ಲುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅಮ್ಮನಿಗೆ ಇಂಬಳ ಎಂದರೆ ಜೀವ ಹೋಗುತ್ತಿತ್ತಂತೆ. ಅವರೂ ನಿಮ್ಮ ಕಡೆಯ ಒಣಸೀಮೆಯವರೇ.

ಅಮ್ಮ ಮಲಗುತ್ತಿದ್ದದ್ದು ರಾತ್ರಿ ಗಾಡಿ ದಾಟಿದ ಮೇಲೆ. ಗಾಡಿ ಹೊತ್ತಿಗೆ ಸರಿಯಾಗಿ ಹೋಯಿತೆಂದರೆ ಅಪ್ಪನ ಬೀಟಿನಲ್ಲಿ ಎಲ್ಲ ನೆಟ್ಟಗಿದೆ ಎಂದು ಲೆಕ್ಕ. ತಡವಾದರೆ ಕ್ವಾರ್ಟರ್ಸಿನ ಹೆಂಗಸರೆಲ್ಲ ಜಗಲಿಗೆ ಬಂದು ನಿಲ್ಲುತ್ತಿದ್ದರು. 'ನಿಮ್ಮವರು ಯಾವ ಕಡೆ ಇವತ್ತು?' ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು. ಉತ್ತರ ಎಲ್ಲರಿಗೂ ಗೊತ್ತೇ ಇರುತ್ತಿತ್ತು. ಈಗ ಮೊಬೈಲ್ ಇದೆ, ಕರೆ ಮಾಡಿ ಕೇಳಬಹುದು ಎಂದು ನೀವು ಹೇಳಬಹುದು. ನಮ್ಮ ಕಾಡಿನೊಳಗೆ ಸಿಗ್ನಲ್ ಸಿಕ್ಕಿದರೆ ಆ ಮಾತು ಸರಿ.

ಚೌತಿ ಹಬ್ಬ ಬರುವುದು ಗಸ್ತಿನ ಕಾಲದಲ್ಲಿಯೇ. ಹಾಗಾಗಿ ಗೌರಿ-ಗಣಪತಿಗೆ ರೈಲ್ವೆ ಮನೆಯ ಯಜಮಾನ ಕೈಗೆ ಸಿಗುವುದು ಅದೃಷ್ಟ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಒಣಗಾಲದಲ್ಲಿ ಬರುತ್ತದೆ, ಅದಕ್ಕೆ ತೊಂದರೆ ಇಲ್ಲ. ನಮ್ಮ ಮನೆಯಲ್ಲಿ ಹೊಸ ಬಟ್ಟೆ ತೆಗೆಯುತ್ತಿದ್ದದ್ದು ಜಾತ್ರೆಗೇ.

ಒಣಗಾಲ ಎಂದರೆ ಆರಾಮ ಎಂದುಕೊಳ್ಳಬೇಡಿ. ಹಳಿಯ ಪಕ್ಕದ ಪೊದೆ ಸವರುವುದು ಆಗಲೇ, ಉಣುಗು ಏಳುವುದೂ ಆಗಲೇ. ಆ ಉಣುಗು ಕಚ್ಚಿಯೇ ಮಂಗನ ಕಾಯಿಲೆ ಬರುವುದು. ಅದು ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. 2019ರ ಆಸುಪಾಸಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಎಷ್ಟೋ ಮನೆಗಳು ಅದರಿಂದ ನೊಂದವು. ಕಾಡಿಗೆ ಹೋಗುವವರು ಮೈಗೆ ಉಣುಗು ಹತ್ತದಂತೆ ತಡೆಯುವ ಎಣ್ಣೆ ಹಚ್ಚಿಕೊಳ್ಳಬೇಕು, ಬಂದೊಡನೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ಬದಲಾಯಿಸಬೇಕು. ಹುಡುಗನಿಗೆ ಇದು ಗೊತ್ತಿರುತ್ತದೆ, ಹುಡುಗಿಗೂ ಗೊತ್ತಿರಲಿ. ಜಲ್ಲಿಯ ಸಂದಿಯಲ್ಲಿ ಕೊಳಕುಮಂಡಲ ಮಲಗಿರುವುದೂ ಉಂಟು. ಹೆದರಿಸಬೇಕೆಂದು ಹೇಳುತ್ತಿಲ್ಲ, ಇಲ್ಲಿ ಅಡಿಕೆ ತೋಟಕ್ಕೆ ಹೋಗುವವರಿಗೂ ಅದೇ ಹಾವು.

ದುಡ್ಡಿನ ವಿಚಾರಕ್ಕೆ ಬರೋಣ, ನಿಮ್ಮ ಅಣ್ಣನಿಗೆ ಅದು ಮುಖ್ಯ ಎಂದು ಬರೆದಿದ್ದೀರಿ. ಏಳನೇ ವೇತನ ಆಯೋಗದ ಪ್ರಕಾರ ಹೊಸದಾಗಿ ಸೇರಿದವನ ಮೂಲ ವೇತನ 18,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ ಮತ್ತಿತರ ಭತ್ಯೆ. ಕ್ವಾರ್ಟರ್ಸ್ ತೆಗೆದುಕೊಂಡರೆ ಮನೆ ಬಾಡಿಗೆ ಭತ್ಯೆ ಇಲ್ಲ. ನಮ್ಮಪ್ಪನಿಗೆ ಹಳೆಯ ಪಿಂಚಣಿ. 2004ರ ಜನವರಿ 1ರಿಂದ ಈಚೆಗೆ ಸೇರಿದವರಿಗೆ ಅದಿಲ್ಲ, ಹೊಸ ಪಿಂಚಣಿ ಯೋಜನೆ. 2025ರ ಏಪ್ರಿಲ್‌ನಲ್ಲಿ ಏಕೀಕೃತ ಪಿಂಚಣಿ ಯೋಜನೆಯೂ ಬಂತು. ಪಾಸ್ ಸಿಗುತ್ತದೆ, ಕಾಶಿಯವರೆಗೆ ಬಿಟ್ಟಿ ಹೋಗಿಬರಬಹುದು ಎಂದು ನೆಂಟರೆಲ್ಲ ಹೇಳುತ್ತಾರೆ. ಹೋಗಬಹುದು, ರಜೆ ಸಿಕ್ಕಿದರೆ. ನಮ್ಮ ಮನೆಯಲ್ಲಿ ಬಹಳಷ್ಟು ಪಾಸು ಖರ್ಚಾದದ್ದು ಮೈಸೂರಿನ ರೈಲ್ವೆ ಆಸ್ಪತ್ರೆಗೆ ಹೋಗಿಬರಲು.

ಹಿಂದೆ ಸಂಬಳವನ್ನು ಗಾಡಿಯಲ್ಲೇ ತಂದು ಬಟವಾಡೆ ಮಾಡುತ್ತಿದ್ದರು. ಆ ದಿನ ಸ್ಟೇಷನ್ನಿನಲ್ಲಿ ಗ್ಯಾಂಗಿನವರಿಗಿಂತ ಮೊದಲೇ ಅಂಗಡಿಯವನು ಬಂದು ಕುಳಿತಿರುತ್ತಿದ್ದ, ಕಂಕುಳಲ್ಲಿ ಉದ್ರಿ ಪುಸ್ತಕ. ಅಮ್ಮ ಅವನಿಗಿಂತ ಮೊದಲೇ. ನೋಟು ಅಪ್ಪನ ಕೈಗೆ ಬಂದು ಅಮ್ಮನ ಸೆರಗಿಗೆ ಸೇರಿ, ಅಲ್ಲಿಂದ ಲೆಕ್ಕ ಹಾಕಿ ಅಂಗಡಿಯವನಿಗೆ ಹೋಗುತ್ತಿತ್ತು. ಸಾಲದ್ದಕ್ಕೆ ಅಡಿಕೆ ಸುಗ್ಗಿಯಲ್ಲಿ ಅಮ್ಮ ಪಕ್ಕದ ಊರಿನ ಮನೆಗಳಿಗೆ ರಾತ್ರಿ ಅಡಿಕೆ ಸುಲಿಯಲು ಹೋಗುತ್ತಿದ್ದರು. ಡಬ್ಬದ ಲೆಕ್ಕದಲ್ಲಿ ಕೂಲಿ. ಮೆಟ್ಟುಗತ್ತಿಯ ಮುಂದೆ ಕುಳಿತರೆ ಅವರ ಕೈ ನಿಲ್ಲುತ್ತಿರಲಿಲ್ಲ. ನಮ್ಮ ಶಾಲೆಯ ಫೀಜು, ಸೈಕಲ್ಲು ಆ ಡಬ್ಬಗಳಿಂದ ಬಂದವು. ಈಗಿನ ಸಂಬಳದಲ್ಲಿ ಅಷ್ಟು ಕಷ್ಟವಿಲ್ಲ, ನಿಜ.

ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. 2004ರಿಂದ ಒಂದು ಯೋಜನೆ ಇತ್ತು: ಗ್ಯಾಂಗ್‌ಮನ್ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡರೆ ಅರ್ಹನಾದ ಮಗನಿಗೆ ಆ ಕೆಲಸ. 2010ರಲ್ಲಿ ನಿಯಮ ಸಡಿಲಿಸಿ 20 ವರ್ಷ ಸೇವೆಯಾದ, 50 ದಾಟಿದವರಿಗೂ ಅವಕಾಶ ಕೊಟ್ಟರು. ಅಪ್ಪನಿಗೆ ನನ್ನ ಹೆಸರು ಕೊಡುವ ಆಸೆ ಇತ್ತು. ಅಮ್ಮ ಒಪ್ಪಲಿಲ್ಲ. 'ಈ ಮನೆಯಲ್ಲಿ ಒಬ್ಬರಿಗೆ ಕಾದದ್ದು ಸಾಕು' ಎಂದರು. ಎರಡು ತಿಂಗಳು ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಆಮೇಲೆ ನ್ಯಾಯಾಲಯದ ಆಕ್ಷೇಪದಿಂದ ಆ ಯೋಜನೆಯೇ 2018ರ ಹೊತ್ತಿಗೆ ಮುಗಿಯಿತು. ನಾನು ಸಾಗರದಲ್ಲಿ ಅಂಗಡಿ ಇಟ್ಟೆ. ಅಮ್ಮ ಸರಿಯೋ ಅಪ್ಪ ಸರಿಯೋ ಎಂದು ಕೇಳಿದರೆ, ವ್ಯಾಪಾರ ಕುಂದಿದ ತಿಂಗಳಲ್ಲಿ ಅಪ್ಪನೇ ಸರಿ ಅನಿಸುತ್ತದೆ.

ಅಂದಹಾಗೆ, ಈಗ ಗ್ಯಾಂಗಿಗೆ ಬರುವ ಹುಡುಗರಲ್ಲಿ ಬಿಹಾರ, ಆಂಧ್ರದವರೂ ಇದ್ದಾರೆ. ಅಖಿಲ ಭಾರತ ಮಟ್ಟದ ಪರೀಕ್ಷೆ ಬರೆದು ಬಂದವರು. ಕನ್ನಡದ ಹುಡುಗರು ಈ ಪರೀಕ್ಷೆಗೆ ಅರ್ಜಿ ಹಾಕುವುದೇ ಕಡಿಮೆ ಎಂಬ ಬೇಸರ ನನಗಿದೆ, ಆದ್ದರಿಂದ ನಿಮ್ಮ ಹುಡುಗನ ಬಗ್ಗೆ ಒಳ್ಳೆಯ ಅಭಿಪ್ರಾಯವೂ ಇದೆ. ಹೊರಗಿನಿಂದ ಬಂದವರು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೇಕಾದಷ್ಟು ಕನ್ನಡ ಕಲಿತುಬಿಡುತ್ತಾರೆ. ನಮ್ಮ ಪಕ್ಕದಲ್ಲಿದ್ದ ಬಿಹಾರದ ಹುಡುಗ ಮೊದಲು ಕಲಿತ ಮಾತು 'ಧರೆ'. ಹೆಣ್ಣುಮಕ್ಕಳೂ ಈಗ ಟ್ರ್ಯಾಕಿನ ಕೆಲಸಕ್ಕೆ, ಗೇಟಿಗೆ ಬರುತ್ತಿದ್ದಾರೆ. ನಿಮ್ಮ ಹುಡುಗಿ ಹತ್ತನೆಯ ತರಗತಿ ಪಾಸಾಗಿದ್ದರೆ ಅವಳೇ ಅರ್ಜಿ ಹಾಕಬಹುದಲ್ಲ ಎಂಬುದು ನನ್ನ ತಲೆಹರಟೆ ಸಲಹೆ.

ಹುಡುಗನ ಕಡೆಯವರನ್ನು ಏನು ಕೇಳಬೇಕು ಎಂದಿರಿ. ಸಂಬಳ ಕೇಳುವ ಅಗತ್ಯವಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಮನೆ ಎಲ್ಲಿ ಎಂದು ಕೇಳಿ. ಸಾಗರದಲ್ಲೋ ಆನಂದಪುರದಲ್ಲೋ ಬಾಡಿಗೆ ಮನೆ ಮಾಡಿದ್ದರೆ ಶಾಲೆ, ಆಸ್ಪತ್ರೆ, ಸಂತೆ ಎಲ್ಲ ಹತ್ತಿರ, ಆದರೆ ಗಸ್ತಿನ ಕಾಲದಲ್ಲಿ ಗಂಡ ಮನೆಗೆ ಬರುವುದೇ ಅಪರೂಪ. ಹಳಿಯ ಪಕ್ಕದ ಕ್ವಾರ್ಟರ್ಸ್ ಆದರೆ ಗಂಡ ಕಣ್ಣೆದುರು ಇರುತ್ತಾನೆ, ಉಳಿದದ್ದೆಲ್ಲ ದೂರ. ಮಕ್ಕಳು ಶಾಲೆಗೆ ಹೋಗುವ ವಯಸ್ಸಾದಾಗ ಸಂಸಾರ ಪೇಟೆಗೆ ಹೋಗಿ ಗಂಡಸು ಒಬ್ಬನೇ ಉಳಿಯುವುದು ನಮ್ಮ ಸಾಲಿನಲ್ಲಿ ಮಾಮೂಲು. ಹಳೆಯ ಗ್ಯಾಂಗ್ ಮನೆಗಳು ಹೀಗೆಯೇ ಖಾಲಿಯಾದವು. ನೀರು ಬಾವಿಯದೋ ನಲ್ಲಿಯದೋ, ರಾತ್ರಿ ಹೊತ್ತು ವಾಹನ ಬರುವ ದಾರಿ ಇದೆಯೋ ಕೇಳಿ. ಗೇಟು ಮುಚ್ಚಿ ಕೆಳಸೇತುವೆ ಮಾಡಿದ ಜಾಗವಾದರೆ ಮಳೆಗಾಲದಲ್ಲಿ ಅದರಲ್ಲಿ ಎಷ್ಟು ನೀರು ನಿಲ್ಲುತ್ತದೆ ಎಂದೂ ಕೇಳಿ. ಹೆರಿಗೆ ನೋವು ಬಂದಾಗ ಕೇಳಿದರೆ ಪ್ರಯೋಜನವಿಲ್ಲ.

ಮನೆ ನೋಡಲು ಹುಡುಗಿಯನ್ನೇ ಕರೆದುಕೊಂಡು ಬನ್ನಿ, ಅದೂ ಆಷಾಢದಲ್ಲಿ. ಆಷಾಢದಲ್ಲಿ ಸಂಬಂಧದ ಮಾತೆತ್ತುವುದಿಲ್ಲ ಎಂಬುದು ನನಗೂ ಗೊತ್ತು. ಮಾತು ಶ್ರಾವಣದಲ್ಲೇ ಆಡಿ. ಡಿಸೆಂಬರಿನಲ್ಲಿ ಬಂದರೆ ಇಲ್ಲಿಯ ಬಿಸಿಲು, ಹಸಿರು ನೋಡಿ ನೀವೇ ಇಲ್ಲಿ ಮನೆ ಕಟ್ಟುತ್ತೇನೆ ಎನ್ನುತ್ತೀರಿ. ಬೆಂಗಳೂರಿನಿಂದ ಬರುವ ರಾತ್ರಿ ಗಾಡಿಗೆ ಬೀರೂರಿನಲ್ಲಿ ಹತ್ತಿದರೆ ಬೆಳಗಾಗುವಷ್ಟರಲ್ಲಿ ಸಾಗರ. ನಿಲ್ದಾಣದ ಹೆಸರು ಸಾಗರ ಜಂಬಗಾರು ಎಂದಿರುತ್ತದೆ, ಗಲಿಬಿಲಿ ಬೇಡ, ಅಲ್ಲೇ ಇಳಿಯಿರಿ. ಕೊಡೆ ತನ್ನಿ. ಒಳ್ಳೆಯ ಕೊಡೆ.