ಆ ಒಂದು ವಾಕ್ಯ ತೆಗೆದುಬಿಡಿ

ನಮಸ್ಕಾರ ಮೇಡಂ,

ಗಂಗಾವತಿಯಿಂದ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಕ್ಯಾನ್ಸರ್ ಗಡ್ಡೆಯ ಪ್ರೋಟೀನುಗಳ ವಿರುದ್ಧ ರೋಗಿಯ ದೇಹವೇ ಆಂಟಿಬಾಡಿ (ಹೊರಗಿನದನ್ನು ಗುರುತಿಸಿ ಅಂಟಿಕೊಳ್ಳುವ ರಕ್ತದ ಪ್ರೋಟೀನು) ತಯಾರಿಸುತ್ತದೆ ಅನ್ನೋ ವಿಷಯ ನಮ್ಮ ಓದುಗರಿಗೆ ಕನ್ನಡದಲ್ಲಿ ಸಿಗಲೇಬೇಕು.

"ಒಂದು ಹನಿ ರಕ್ತ ಸಾಕು, ಕ್ಯಾನ್ಸರ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ" ಅಂತ ಬರೆದಿದ್ದೀರಿ. ಇದು ಹೋಗಬೇಕು. 1982ರಲ್ಲಿ ಲಯೋನೆಲ್ ಕ್ರಾಫರ್ಡ್ ಮತ್ತು ಜೊತೆಗಾರರು ಸ್ತನ ಕ್ಯಾನ್ಸರ್ ಇದ್ದವರ ರಕ್ತದಲ್ಲಿ ಪಿ53 ಪ್ರೋಟೀನಿನ ವಿರುದ್ಧದ ಆಂಟಿಬಾಡಿ ಕಂಡರು ಎಂದು ನೀವೇ ಹೇಳಿದ್ದೀರಿ. ಆದರೆ ಅದು ಸಿಕ್ಕಿದ್ದು 100ಕ್ಕೆ ಸುಮಾರು 9 ಮಂದಿಯಲ್ಲಿ. ಅದನ್ನು ಬಿಟ್ಟಿದ್ದೀರಿ. ಉಳಿದವರಿಗೂ ಕ್ಯಾನ್ಸರ್ ಇತ್ತು, ಅಲ್ವಾ? ಆರೋಗ್ಯವಂತರಲ್ಲಿ ಈ ಆಂಟಿಬಾಡಿ ಅಪರೂಪ. ಹಾಗಾಗಿ ಸಿಕ್ಕರೆ ಅನುಮಾನ ಪಡಬೇಕು. ಸಿಗಲಿಲ್ಲ ಅಂತ ನಿಶ್ಚಿಂತೆಯಿಂದ ಇರುವ ಹಾಗಿಲ್ಲ.

ನಿಮ್ಮ ಲೇಖನದ ಜೀವ ಇರುವುದು ನಾಲ್ಕನೇ ಪುಟದಲ್ಲಿ. ಗುಟ್ಕಾ ತಿಂದು ತಿಂದು ಬಾಯಿ ಬಿಗಿದುಕೊಂಡ ಹಮಾಲರೊಬ್ಬರು ನಿಮ್ಮ ಲ್ಯಾಬಿಗೆ ಬರುತ್ತಾರೆ. ಎರಡು ಬೆರಳೂ ಒಳಗೆ ಹೋಗದ ಬಾಯಿ. "ಅದ್ಯಾವ್ದೋ ರಕ್ತದ ಟೆಸ್ಟ್ ಐತಂತಲ್ರೀ, ಮಾಡಿಬಿಡ್ರಿ" ಅನ್ನುತ್ತಾರೆ. ನಿಮ್ಮ ಆ ವಾಕ್ಯವನ್ನು ನಂಬಿದ್ದರೆ ಅವರು ರಕ್ತ ಕೊಟ್ಟು, ರಿಪೋರ್ಟ್ ನಾರ್ಮಲ್ ಬಂತೆಂದು ಸೀದಾ ರೈಸ್ ಮಿಲ್ಲಿಗೆ ವಾಪಸ್ ಹೋಗುತ್ತಿದ್ದರು. ಅವರಿಗೆ ಬೇಕಿದ್ದುದು ಬಾಯಿ ತೆರೆಸಿ ನೋಡುವ ಡಾಕ್ಟರ್, ಅನುಮಾನ ಬಂದರೆ ಬಯಾಪ್ಸಿ, ಅಂದರೆ ಆ ಜಾಗದ ಚೂರು ತೆಗೆದು ಮಾಡುವ ಪರೀಕ್ಷೆ. ಲೇಖನ ಇಲ್ಲಿಂದಲೇ ಶುರುವಾಗಲಿ. ಮೊದಲ ಎರಡು ಪುಟದ ಪೀಠಿಕೆ ಬೇಡ.

ಆಮೇಲೆ ಆಂಟಿಬಾಡಿ ಯಾಕೆ ಹುಟ್ಟುತ್ತದೆ ಅನ್ನೋದನ್ನು ಬಿಡಿಸಿ ಹೇಳಿ. ಪಿ53 ನಮ್ಮದೇ ಪ್ರೋಟೀನು. ಸರಿಯಿದ್ದಾಗ ಬೇಗ ಕರಗಿಹೋಗುತ್ತದೆ, ಜೀವಕೋಶದಲ್ಲಿ ಜಾಸ್ತಿ ಉಳಿಯುವುದಿಲ್ಲ. ಅದರ ಜೀನ್ ಕೆಟ್ಟಾಗ ಎಷ್ಟೋ ಸಲ ಕರಗದೆ ಒಳಗೇ ಸೇರಿಕೊಳ್ಳುತ್ತಾ ಹೋಗುತ್ತದೆ. ಆಗ ಕೆಲವರ ದೇಹ ಅದನ್ನು ಹೊರಗಿನದು ಎಂಬಂತೆ ಎದುರಿಸುತ್ತದೆ. ನೀವು ಮಾತ್ರ "ಆಂಟಿಬಾಡಿ ಸೈನಿಕರು ಗಡ್ಡೆಯನ್ನು ಸುಟ್ಟುಹಾಕುತ್ತಾರೆ" ಅಂದಿದ್ದೀರಿ. ಪಿ53 ಇರುವುದು ಜೀವಕೋಶದ ಒಳಗೆ. ರಕ್ತದಲ್ಲಿ ತಿರುಗುವ ಆಂಟಿಬಾಡಿ ಅಲ್ಲಿಗೆ ಸುಲಭಕ್ಕೆ ನುಗ್ಗಲಾರದು. ಅದು ರಕ್ತದಲ್ಲಿ ಇದ್ದಾಗಲೂ ಗಡ್ಡೆ ಬೆಳೆಯುತ್ತಲೇ ಇರಬಹುದು. ಸೈನಿಕರನ್ನು ಕೈಬಿಡಿ.

ಇಂಥ ಆಂಟಿಬಾಡಿ ಹುಟ್ಟಿಸುವ ಎಂಟು ಪ್ರೋಟೀನುಗಳ ಪಟ್ಟಿಯೂ ಬೇಡ. ಸುಮ್ನೆ ಹೆಸರು ಓದಿದ ಹಾಗಾಗುತ್ತದೆ. ಪಿ53 ಜೊತೆಗೆ ಎನ್‌ವೈ-ಇಎಸ್‌ಒ-1 ಎಂಬ ಪ್ರೋಟೀನು ಒಂದನ್ನೇ ಇಟ್ಟುಕೊಳ್ಳಿ. 1997ರಲ್ಲಿ ಅದು ಪತ್ತೆಯಾಗಿದ್ದೇ ಅನ್ನನಾಳದ ಕ್ಯಾನ್ಸರ್ ಇದ್ದ ರೋಗಿಯೊಬ್ಬರ ಆಂಟಿಬಾಡಿಗಳ ಜಾಡು ಹಿಡಿದು. ಎಂಥ ಸಂಗತಿ! ನೀವು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಒಂದು ಪೂರ್ತಿ ಪ್ಯಾರಾ ಕೊಡಿ.

ಹಮಾಲರ ಹೆಸರು, ಮಿಲ್ಲಿನ ಹೆಸರು ತೆಗೆಯಿರಿ. ಅವರ ಮಾತು ಮಾತ್ರ ಹಾಗೇ ಇರಲಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಹೊಸ ಪ್ರತಿ ನೇರವಾಗಿ ನನಗೇ ಕಳಿಸಿ. ಇಲ್ಲಿ ಬಳ್ಳಾರಿಯಲ್ಲಿ ಕ್ಯಾನ್ಸರ್ ಡಾಕ್ಟರೊಬ್ಬರಿಂದ ಓದಿಸಿ, ಆಮೇಲೆ ಅಚ್ಚಿಗೆ ಕೊಡುತ್ತೇನೆ.

ಸಂಪಾದಕ