ಪ್ರಶ್ನೆಗಳು ಬಂದವು, ಮಕ್ಕಳ ಉತ್ತರ ಎಲ್ಲಿ?

ಮೇಡಂ, ನಮಸ್ಕಾರ.

ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಕೈತೊಳೆದುಕೊಳ್ಳುವಂಥ ಲೇಖನವೂ ಅಲ್ಲ. ಅದಕ್ಕೇ ಇಷ್ಟುದ್ದ ಪತ್ರ. ನಮಗೆ ಬರೆಯಬೇಕೆಂದಿರುವ ಬೇರೆ ಶಿಕ್ಷಕರಿಗೂ ಉಪಯೋಗವಾಗಲಿ ಅಂತ, ನೀವು ಒಪ್ಪಿದ್ದರಿಂದ, ಹೆಸರು ತೆಗೆದು ಪತ್ರಿಕೆಯಲ್ಲೇ ಹಾಕುತ್ತಿದ್ದೇನೆ.

ಓದುಗರಿಗೆ ಮೊದಲು ವಿಷಯ ಹೇಳಿಬಿಡುತ್ತೇನೆ. ಇವರು ಸಿಂಧನೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾರೆ. ಕನ್ನಡ ಮಾಧ್ಯಮದ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಎಷ್ಟು ಇಂಗ್ಲಿಷ್ ಪದ ಗೊತ್ತು, ಎಷ್ಟು ವ್ಯಾಕರಣ ಗೊತ್ತು ಅಂತ ನೋಡಲು ತಾವೇ 40 ಪ್ರಶ್ನೆಗಳ ಒಂದು ಪರೀಕ್ಷೆ ತಯಾರು ಮಾಡಿದ್ದಾರೆ. ಲೇಖನದ ಮೊದಲ ಭಾಗ ಇಂಗ್ಲಿಷಿನ ಮಹತ್ವ. ಆಮೇಲೆ ಪ್ರಶ್ನೆಪತ್ರಿಕೆ. ಕೊನೆಗೆ ಒಂದು ತೀರ್ಮಾನ: ನಮ್ಮ ಭಾಗದ ಮಕ್ಕಳು ಇಂಗ್ಲಿಷಿನಲ್ಲಿ ಹಿಂದುಳಿದಿದ್ದಾರೆ.

ಈಗ ಹನ್ನೊಂದನೇ ಪುಟಕ್ಕೆ ಬನ್ನಿ. ಎರಡು ಪ್ರಶ್ನೆಗಳ ನಡುವೆ ಆವರಣ ಹಾಕಿ ನೀವು ಒಂದು ಮಾತು ಬರೆದಿದ್ದೀರಿ. 18ನೇ ಪ್ರಶ್ನೆ 'ಎಸ್ಟರ್‌ಡೇ ಐ ____ ಟು ದ ಮಾರ್ಕೆಟ್'. ಆಯ್ಕೆಗಳು ಗೋ, ಗೋಸ್, ವೆಂಟ್, ಗಾನ್. ಒಬ್ಬ ಹುಡುಗಿ 'ವೆಂಟ್' ಅಂತ ಸರಿಯಾಗಿಯೇ ಗುರುತು ಹಾಕಿದಳು. ಅದೇ ವಾರ ಅವಳು ತಂದುಕೊಟ್ಟ ರಜೆ ಚೀಟಿಯಲ್ಲಿ 'ಎಸ್ಟರ್‌ಡೇ ಐ ಗೋ ಟು ಹಾಸ್ಪಿಟಲ್ ವಿತ್ ಮೈ ಮದರ್' ಅಂತಿತ್ತು. ಇಷ್ಟು ಹೇಳಿ ನೀವು 19ನೇ ಪ್ರಶ್ನೆಗೆ ಹೋಗಿಬಿಟ್ಟಿರಿ.

ಮೇಡಂ, ಅಲ್ಲೇ ನಿಲ್ಲಬೇಕಿತ್ತು. ನಿಮ್ಮ ಲೇಖನ ಅದೇ.

ಆ ಹುಡುಗಿಗೆ ಭೂತಕಾಲ ಗೊತ್ತಿದೆಯೋ ಇಲ್ಲವೋ? ನಿಮ್ಮ ಅಂಕಪಟ್ಟಿ ಗೊತ್ತಿದೆ ಅನ್ನುತ್ತದೆ. ರಜೆ ಚೀಟಿ ಗೊತ್ತಿಲ್ಲ ಅನ್ನುತ್ತದೆ. ಎರಡೂ ಸುಳ್ಳಲ್ಲ. ನಾಲ್ಕು ಪದ ಮುಂದೆ ಇಟ್ಟರೆ ಸರಿಯಾದದ್ದನ್ನು ಗುರುತು ಹಿಡಿಯುತ್ತಾಳೆ. ಖಾಲಿ ಹಾಳೆ ಮುಂದೆ ಇಟ್ಟು, ಅಮ್ಮನ ಜ್ವರದ ಚಿಂತೆಯಲ್ಲಿ ಬರೆಯುವಾಗ ಅದೇ ಪದ ಕೈಗೆ ಬರುವುದಿಲ್ಲ. ನೀವು ಮಾಡಿದ 40 ಪ್ರಶ್ನೆಗಳೂ ಮೊದಲನೆಯದನ್ನೇ ಅಳೆಯುತ್ತವೆ. ಎರಡನೆಯದನ್ನು ಅಳೆಯುವ ಒಂದು ಪ್ರಶ್ನೆಯೂ ಇಲ್ಲ. ಆದರೆ ತೀರ್ಮಾನ ಮಾತ್ರ ಎರಡರ ಬಗ್ಗೆಯೂ ಕೊಟ್ಟಿದ್ದೀರಿ.

ಇದು ನಿಮ್ಮೊಬ್ಬರ ತೊಂದರೆ ಅಲ್ಲ. ಭಾಷೆಯನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡಿಗೆ ಒಂದೊಂದು ಪ್ರಶ್ನೆ ಕೇಳುವ ಪದ್ಧತಿ 1960ರ ದಶಕದಲ್ಲಿ ಜೋರಾಗಿತ್ತು. ಅಮೆರಿಕದ ಭಾಷಾತಜ್ಞ ರಾಬರ್ಟ್ ಲ್ಯಾಡೊ 1961ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು. ಇಂಗ್ಲಿಷ್ ಮನೆಮಾತಲ್ಲದವರಿಗಾಗಿ 1964ರಲ್ಲಿ ಶುರುವಾದ ಟೋಫೆಲ್ ಪರೀಕ್ಷೆ ಅದೇ ದಾರಿಯಲ್ಲಿ ನಡೆಯಿತು. ವ್ಯಾಕರಣಕ್ಕೆ ಬೇರೆ ವಿಭಾಗ, ಪದಗಳಿಗೆ ಬೇರೆ ವಿಭಾಗ. ಬಿಡಿ ವಾಕ್ಯ ಕೊಟ್ಟು ಪದದ ಅರ್ಥ ಕೇಳುವುದನ್ನು ಅವರು 1990ರ ದಶಕದ ನಡುವೆ ಬಿಟ್ಟರು. ಪದಗಳ ಪ್ರಶ್ನೆ ಓದುವ ಪಾಠದ ಒಳಗೆ ಸೇರಿಕೊಂಡಿತು. ನೀವು 'ಸಂಶೋಧನೆಗಳ ಪ್ರಕಾರ' ಅಂತ ಮತ್ತೆ ಮತ್ತೆ ಬರೆದಿದ್ದೀರಲ್ಲ, ಯಾವ ಸಂಶೋಧನೆ ಅಂತ ಒಮ್ಮೆಯೂ ಹೇಳಿಲ್ಲ. ಇಂಥದ್ದು ಒಂದಾದರೂ ಹೇಳಿದ್ದರೆ ಓದುಗರಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ನಮ್ಮ ಹತ್ತಿರದ್ದೇ ಒಂದು ಉದಾಹರಣೆ ಇದೆ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಬೆಂಗಳೂರು ಪ್ರಾಜೆಕ್ಟ್ ಅಂತಲೇ ಅದು ಹೆಸರಾಯಿತು. ವ್ಯಾಕರಣ ಹೇಳಿಕೊಡದೆ, ರೈಲಿನ ವೇಳಾಪಟ್ಟಿ ಓದುವುದು, ನಕ್ಷೆ ನೋಡಿ ದಾರಿ ಹೇಳುವುದು, ಇಂಥ ಕೆಲಸ ಮಾಡಿಸುತ್ತಾ ಇಂಗ್ಲಿಷ್ ಕಲಿಸುವುದು. ಕೊನೆಗೆ ಫಲಿತಾಂಶ ಅಳೆಯಬೇಕಲ್ಲ? ವ್ಯಾಕರಣದ ಪ್ರಶ್ನೆ ಕೊಟ್ಟರೆ ಹಳೇ ಪದ್ಧತಿಯಲ್ಲಿ ಕಲಿತ ಮಕ್ಕಳಿಗೆ ಅನುಕೂಲ. ಕೆಲಸ ಮಾಡಿಸುವ ಪರೀಕ್ಷೆ ಕೊಟ್ಟರೆ ಪ್ರಯೋಗದ ಮಕ್ಕಳಿಗೆ ಅನುಕೂಲ. ಆ ಪ್ರಯೋಗದ ಫಲಿತಾಂಶ ಅಳೆದು 1985ರಲ್ಲಿ ವರದಿ ಕೊಟ್ಟ ಬೆರೆಟ್ಟಾ ಮತ್ತು ಡೇವಿಸ್ ಎರಡೂ ಬಗೆಯದನ್ನು ಇಟ್ಟರು. ಜೊತೆಗೆ ಉಕ್ತಲೇಖನದಂಥ, ಯಾರ ಕಡೆಗೂ ವಾಲದ ಪರೀಕ್ಷೆಗಳನ್ನೂ ಸೇರಿಸಿದರು. ಪರೀಕ್ಷೆ ಬದಲಾದರೆ ಜಾಣರೂ ಬದಲಾಗುತ್ತಾರೆ. ಹುಡುಗಿಯ ರಜೆ ಚೀಟಿ ಹೇಳುತ್ತಿರುವುದೂ ಇದನ್ನೇ ಅಲ್ವಾ?

ಇನ್ನು ನಿಮ್ಮ ಪ್ರಶ್ನೆಗಳು. ಎಲ್ಲದರ ಮೇಲೂ ಗೀಟು ಹಾಕಿಲ್ಲ, ಕೆಲವು ಮಾತ್ರ ಹೇಳುತ್ತೇನೆ.

22ನೇದು: 'ದ ಟ್ರೇನ್ ____ ಬಿಫೋರ್ ವಿ ರೀಚ್ಡ್ ದ ಸ್ಟೇಷನ್'. ನಿಮ್ಮ ಕೀ ಉತ್ತರ 'ಹ್ಯಾಡ್ ಲೆಫ್ಟ್'. ಆಯ್ಕೆಗಳಲ್ಲಿ 'ಲೆಫ್ಟ್' ಕೂಡ ಇದೆ. ಅದೂ ಸರಿಯೇ. 'ಬಿಫೋರ್' ಇರುವುದರಿಂದ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಆಗಲೇ ಗೊತ್ತಾಗಿದೆ. ಇಂಗ್ಲಿಷರೇ ಮಾತಾಡುವಾಗ ಎಷ್ಟೋ ಸಲ 'ಲೆಫ್ಟ್' ಅಂದು ಸುಮ್ಮನಾಗುತ್ತಾರೆ. ನಿಯಮ ಬಾಯಿಪಾಠ ಮಾಡಿದ ಹುಡುಗನಿಗೆ ಒಂದು ಅಂಕ ಬಂತು, ಭಾಷೆ ಬಲ್ಲ ಹುಡುಗನಿಗೆ ಸೊನ್ನೆ.

6ನೇದು: 'ಐ ಸಾ ಆ್ಯನ್ ____ ಇನ್ ದ ಝೂ'. ಟೈಗರ್, ಮಂಕಿ, ಎಲಿಫೆಂಟ್, ಬೇರ್. ಇದನ್ನು ಪದಗಳ ವಿಭಾಗದಲ್ಲಿ ಇಟ್ಟಿದ್ದೀರಿ. ಆದರೆ 'ಆ್ಯನ್' ಅನ್ನುವುದೇ ಉತ್ತರ ಹೇಳಿಕೊಡುತ್ತಿದೆ. ಎಲಿಫೆಂಟ್ ಅಂದರೆ ಆನೆ ಅಂತ ಗೊತ್ತಿಲ್ಲದ ಮಗುವೂ ಸ್ವರ ನೋಡಿ ಗುರುತು ಹಾಕಬಹುದು. ಹಾಗಾದರೆ ನೀವು ಅಳೆದದ್ದು ಏನನ್ನು?

ಪದಗಳ ವಿಭಾಗದ 15 ಪ್ರಶ್ನೆಗಳಲ್ಲಿ ಉಳಿದವು ಬಹುಪಾಲು ಸಮಾನಾರ್ಥಕ ಪದ ಕೇಳುತ್ತವೆ. ಬೆನೆವೊಲೆಂಟ್, ಮೆಟಿಕ್ಯುಲಸ್, ಆಬ್ಸ್ಟಿನೇಟ್. ಈ ಪದಗಳನ್ನು ಹೇಗೆ ಆರಿಸಿದಿರಿ? ಸ್ಪರ್ಧಾತ್ಮಕ ಪರೀಕ್ಷೆಯ ಗೈಡಿನಿಂದ ಎತ್ತಿದ್ದೀರಿ ಅಂತ ನನ್ನ ಅನುಮಾನ. ಯಾವ ಪದ ಮೊದಲು ಕಲಿಸಬೇಕು ಅಂತ ತಲೆ ಕೆಡಿಸಿಕೊಂಡವರು ತುಂಬಾ ಜನ ಇದ್ದಾರೆ. ಅವರಲ್ಲೊಬ್ಬ ಮೈಕೆಲ್ ವೆಸ್ಟ್, ಬ್ರಿಟಿಷರ ಕಾಲದಲ್ಲಿ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನ ಪ್ರಿನ್ಸಿಪಾಲ್ ಆಗಿದ್ದವರು. ಅವರ 1953ರ ಪಟ್ಟಿಯಲ್ಲಿ ಸುಮಾರು 2,000 ಮೂಲ ಪದಗಳಿವೆ, ಜಾಸ್ತಿ ಬಳಕೆಯಲ್ಲಿರುವವು. ನ್ಯೂಜಿಲೆಂಡಿನ ಪಾಲ್ ನೇಷನ್ 1983ರಲ್ಲಿ ಮಾಡಿದ ಪದ ಪರೀಕ್ಷೆ ಈ 2,000ದ ಹಂತದಿಂದಲೇ ಶುರುವಾಗಿ 3,000, 5,000 ಅಂತ ಮೇಲೇರುತ್ತದೆ. ಮಗು ಯಾವ ಮೆಟ್ಟಿಲಲ್ಲಿ ತಡವರಿಸುತ್ತದೆ ಅಂತ ಕಾಣುತ್ತದೆ. ನಿಮ್ಮ ಪರೀಕ್ಷೆ ನೇರ ಮಾಳಿಗೆಯಿಂದ ಶುರುವಾಗಿದೆ.

ಆ ಪರೀಕ್ಷೆಯಲ್ಲಿ ಇನ್ನೊಂದು ಜಾಣತನ ಇದೆ. ಒಂದು ಕಡೆ ಆರು ಪದ, ಇನ್ನೊಂದು ಕಡೆ ಮೂರೇ ಅರ್ಥ. ಹೊಂದಿಸಬೇಕು. ಮೂರು ಪದ ಸುಮ್ನೆ ಉಳಿಯುತ್ತವೆ, ಹಾಗಾಗಿ ಊಹೆಯಲ್ಲಿ ದಾಟುವುದು ಕಷ್ಟ. ನಿಮ್ಮಲ್ಲಿ ನಾಲ್ಕು ಆಯ್ಕೆ. 40 ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ ಹತ್ತು ಅಂಕ ಬರುತ್ತದೆ. ನೀವು 'ಅತ್ಯಂತ ದುರ್ಬಲ' ಅಂತ ಕರೆದ ಮಕ್ಕಳ ಅಂಕ 9ರಿಂದ 12. ಅಂದರೆ ಅವರ ಬಗ್ಗೆ ನಿಮ್ಮ ಪರೀಕ್ಷೆ ಏನನ್ನೂ ಹೇಳಿಲ್ಲ. ಅವರಿಗೆ 200 ಪದ ಗೊತ್ತೋ 800 ಗೊತ್ತೋ, ಈ ಹಾಳೆಯಿಂದ ತಿಳಿಯುವುದಿಲ್ಲ.

ಹಾಗೇ, ಬಿಟ್ಟ ಸ್ಥಳ ತುಂಬಿಸುವುದನ್ನೆಲ್ಲ 'ಕ್ಲೋಜ್' ಅಂತ ಕರೆಯಬೇಡಿ. ವಿಲ್ಸನ್ ಟೇಲರ್ 1953ರಲ್ಲಿ ಆ ಹೆಸರು ಕೊಟ್ಟದ್ದು ಬೇರೆಯದಕ್ಕೆ. ಒಂದು ಇಡೀ ಬರಹದಲ್ಲಿ ಪ್ರತಿ ಐದನೇ ಪದ ತೆಗೆಯುತ್ತಾ ಹೋಗುವುದು, ಯಾವ ಪದ ಅಂತ ನೋಡುವ ಹಾಗಿಲ್ಲ. ಅವರು ಅಳೆಯಲು ಹೊರಟಿದ್ದು ಮಕ್ಕಳನ್ನಲ್ಲ, ಬರಹ ಎಷ್ಟು ಸುಲಭ ಅನ್ನುವುದನ್ನು. ನಿಮ್ಮ ಹತ್ತು ಬಿಡಿ ವಾಕ್ಯಗಳು ಅದಲ್ಲ. 1980ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ಬಂದ ಸಿ-ಟೆಸ್ಟ್ ಬೇಕಾದರೆ ಮಾಡಿ ನೋಡಿ. ಮೊದಲ ವಾಕ್ಯ ಪೂರ್ತಿ ಬಿಟ್ಟು, ಆಮೇಲೆ ಪ್ರತಿ ಎರಡನೇ ಪದದ ಕೊನೆಯ ಅರ್ಧ ಅಳಿಸುವುದು. ಮಗು ತಾನೇ ಬರೆದು ತುಂಬಿಸಬೇಕು. ನಾಲ್ಕೈದು ಪುಟ್ಟ ಪ್ಯಾರಾ ಸಾಕು, ಝೆರಾಕ್ಸ್ ಖರ್ಚೂ ಕಡಿಮೆ.

ಆದರೆ ನಾನು ಹೊಸ ಪ್ರಶ್ನೆಪತ್ರಿಕೆ ಕೇಳುತ್ತಿಲ್ಲ. ಪ್ರಶ್ನೆಪತ್ರಿಕೆ ಬೇಕಾದಷ್ಟಿವೆ. ನನಗೆ ಬೇಕಾದದ್ದು ನಿಮ್ಮ ಬೀರುವಿನಲ್ಲಿ ದಾರ ಕಟ್ಟಿ ಇಟ್ಟಿರುವ ಉತ್ತರ ಪತ್ರಿಕೆಗಳ ಕಟ್ಟು. ಅದನ್ನು ಬಿಚ್ಚಿ. ಅಂಕದ ಪ್ರಕಾರ ಜೋಡಿಸಿ. ಮೇಲಿನ ಕಾಲು ಭಾಗ ಒಂದು ಕಡೆ, ಕೆಳಗಿನ ಕಾಲು ಭಾಗ ಒಂದು ಕಡೆ ಇಡಿ. ಈಗ ಒಂದೊಂದೇ ಪ್ರಶ್ನೆ ತೆಗೆದುಕೊಂಡು, ಎರಡೂ ಗುಂಪಿನಲ್ಲಿ ಎಷ್ಟು ಮಕ್ಕಳು ಸರಿ ಬರೆದಿದ್ದಾರೆ ಎಣಿಸಿ. ಒಳ್ಳೆ ಪ್ರಶ್ನೆಯಾದರೆ ಮೇಲಿನ ಗುಂಪಿನಲ್ಲಿ ಸರಿಯುತ್ತರ ಜಾಸ್ತಿ ಇರುತ್ತದೆ. ಎರಡೂ ಕಡೆ ಒಂದೇ ಸಮ ಇದ್ದರೆ ಆ ಪ್ರಶ್ನೆಯಿಂದ ಏನೂ ಗೊತ್ತಾಗುತ್ತಿಲ್ಲ. ಉಲ್ಟಾ ಆಗಿದ್ದರೆ ತಪ್ಪು ಪ್ರಶ್ನೆಯದ್ದು, ಮಕ್ಕಳದ್ದಲ್ಲ. 22ನೇ ಪ್ರಶ್ನೆ ಹೀಗೆ ಸಿಕ್ಕಿಬೀಳುತ್ತದೆ ಅಂತ ನನ್ನ ಊಹೆ. ನೋಡಿ ತಿಳಿಸಿ.

ಆಮೇಲೆ ತಪ್ಪು ಉತ್ತರಗಳನ್ನು ನೋಡಿ. ಇದೇ ರುಚಿಯ ಭಾಗ. ಯಾವ ತಪ್ಪು ಆಯ್ಕೆಗೆ ಎಲ್ಲರೂ ಮುಗಿಬಿದ್ದಿದ್ದಾರೆ, ಯಾವುದನ್ನು ಒಬ್ಬರೂ ಮುಟ್ಟಿಲ್ಲ? 31ನೇದರಲ್ಲಿ 'ಐ ಆ್ಯಮ್ ಹ್ಯಾವಿಂಗ್ ಟು ಬ್ರದರ್ಸ್' ಅನ್ನುವುದನ್ನು ಎಷ್ಟು ಮಕ್ಕಳು ಸರಿ ಅಂದರು? 'ಎವ್ರಿ ಡೇ' ಇರುವ ವಾಕ್ಯಕ್ಕೆ ಎಷ್ಟು ಮಕ್ಕಳು 'ವಿಲ್ ಗೋ' ಹಾಕಿದರು? ಕನ್ನಡದಲ್ಲಿ 'ದಿನಾ ಹೋಗುತ್ತೇನೆ', 'ನಾಳೆ ಹೋಗುತ್ತೇನೆ' ಎರಡಕ್ಕೂ ಒಂದೇ ರೂಪ ಸಾಕು. ಮಗು ಅಲ್ಲಿ ಎಡವುವುದರಲ್ಲಿ ಆಶ್ಚರ್ಯವಿಲ್ಲ. ನೀವು ವ್ಯಾಕರಣದ ಪ್ರಶ್ನೆಗಳಲ್ಲಿ ಐದನ್ನು 'ಸಿನ್ಸ್', 'ಫಾರ್'ಗೆ ಖರ್ಚು ಮಾಡಿದ್ದೀರಿ. 'ಎ', 'ದ' ಬಗ್ಗೆ ಇರುವುದು ಒಂದೇ. ನಮ್ಮ ಭಾಷೆಯಲ್ಲಿ ಇಲ್ಲದ್ದು ಅದು. ಅಲ್ಲೇ ಜಾಸ್ತಿ ಕೇಳಬೇಕಿತ್ತು.

ಕನ್ನಡ ಅಂದೆ. ನಿಮ್ಮ ಕ್ಲಾಸಿನಲ್ಲಿ ಮನೆಯಲ್ಲಿ ತೆಲುಗು ಆಡುವವರಿದ್ದಾರೆ, ಉರ್ದು ಆಡುವವರಿದ್ದಾರೆ, ತಾಂಡಾದಿಂದ ಬರುವ ಲಂಬಾಣಿ ಮಕ್ಕಳಿದ್ದಾರೆ. ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಇಂಗ್ಲಿಷ್ ಅವರಿಗೆಲ್ಲ ದ್ವಿತೀಯ ಭಾಷೆ, ಬರವಣಿಗೆಗೆ 80 ಅಂಕ. ನಿಜದಲ್ಲಿ ಎಷ್ಟೋ ಮಕ್ಕಳಿಗೆ ಅದು ಮೂರನೆಯದು, ನಾಲ್ಕನೆಯದು. ಇದರ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ. ರಾಯಚೂರು, ಬಳ್ಳಾರಿ ಕಡೆಯವರು ಬರೆಯದಿದ್ದರೆ ಇದನ್ನು ಇನ್ಯಾರು ಬರೆಯಬೇಕು?

ಅದಕ್ಕೇ ನಿಮ್ಮ ತೀರ್ಮಾನ ನನಗೆ ಸಿಟ್ಟು ತರಿಸಿತು. ಒಂದು ಕ್ಲಾಸು, ಒಂದು ದಿನ, 40 ಗುರುತು. ಅಷ್ಟರಿಂದ ಕಲ್ಯಾಣ ಕರ್ನಾಟಕದ ಮಕ್ಕಳೆಲ್ಲ ಹಿಂದುಳಿದವರು ಅಂತ ಹೇಳಲು ಬರುವುದಿಲ್ಲ. ಜಿಲ್ಲಾವಾರು ಫಲಿತಾಂಶ ಬಂದಾಗಲೆಲ್ಲ ಆ ಮಾತು ಆಡಲು ಊರ ತುಂಬ ಜನ ಇದ್ದಾರೆ. ನೀವೂ ಸೇರಿಕೊಳ್ಳಬೇಡಿ. ನಿಮ್ಮ ಕ್ಲಾಸಿನ ಬಗ್ಗೆ ಮಾತ್ರ ಹೇಳಿ. ಅಷ್ಟು ಹೇಳಿದರೆ ಕುಷ್ಟಗಿಯ ಮೇಷ್ಟ್ರು ತಮ್ಮ ಕ್ಲಾಸಿನ ಜೊತೆ ಹೋಲಿಸಿ ನೋಡುತ್ತಾರೆ.

ಇಂಗ್ಲಿಷಿನ ಮಹತ್ವದ ಮೊದಲ ನಾಲ್ಕು ಪುಟ ಪೂರ್ತಿ ತೆಗೆಯಿರಿ. ತೋರಣಗಲ್ಲಿನ ಸ್ಟೀಲ್ ಪ್ಲಾಂಟಿನಲ್ಲಿ ಕೆಲಸ ಹುಡುಕುವ ಐಟಿಐ ಹುಡುಗನಿಗೂ ಅದು ಗೊತ್ತಿದೆ, ನಮ್ಮ ಓದುಗರಿಗೆ ಗೊತ್ತಿಲ್ಲವೇ? ಇತಿಹಾಸ ಬೇಕೇ ಬೇಕು ಅಂದರೆ ಒಂದು ಪ್ಯಾರಾ ಸಾಕು. 1913ರಲ್ಲಿ ಕೇಂಬ್ರಿಜ್‌ನವರು ಪರಭಾಷಿಕರಿಗಾಗಿ ಮೊದಲ ಸಲ ಇಂಗ್ಲಿಷ್ ಪರೀಕ್ಷೆ ನಡೆಸಿದಾಗ ಕೂತವರು ಮೂರೇ ಜನ, ಪರೀಕ್ಷೆ 12 ಗಂಟೆಯದ್ದು, ಮೂವರೂ ಫೇಲ್. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ಹೇಳಿದರೆ ಖುಷಿಪಡುತ್ತಾರೆ.

ಭಾಷೆಯ ಬಗ್ಗೆ ಒಂದೇ ಮಾತು. 'ಪದಸಂಪತ್ತಿನ ಸಮಗ್ರ ಮೌಲ್ಯಮಾಪನದಲ್ಲಿ ನಿರೀಕ್ಷಿತ ಸಾಧನಾ ಮಟ್ಟ ತಲುಪುವಲ್ಲಿ ಹಿನ್ನಡೆ ಕಂಡುಬಂದಿದೆ' ಅಂತ ಬರೆದಿದ್ದೀರಿ. ಸ್ಟಾಫ್ ರೂಮಿನಲ್ಲಿ ನೀವು ಹೀಗೆ ಮಾತಾಡುತ್ತೀರಾ? 'ಅರ್ಧ ಮಕ್ಕಳಿಗೆ ಪದಗಳೇ ಗೊತ್ತಿರಲಿಲ್ಲ' ಅನ್ನಿ. ರಜೆ ಚೀಟಿಯ ಆ ಎರಡು ಸಾಲನ್ನು ನೀವು ಹಾಗೇ ಬರೆದಿದ್ದೀರಿ. ಅದಕ್ಕೇ ಅವು ನೆನಪಿನಲ್ಲಿ ಉಳಿದವು.

ಹೊಸದಾಗಿ ಬರೆದು ಕಳಿಸಿ. ಸಾವಿರ ಪದ ದಾಟಬೇಡಿ. ರಜೆ ಚೀಟಿಯಿಂದ ಶುರು ಮಾಡಿ, ನಾಲ್ಕೈದು ಪ್ರಶ್ನೆ ಸಾಕು. ಪ್ರತಿಯೊಂದಕ್ಕೂ ಎಷ್ಟು ಮಕ್ಕಳು ಯಾವ ಆಯ್ಕೆಗೆ ಗುರುತು ಹಾಕಿದರು ಅನ್ನುವುದು ಇರಲಿ. ಆಗುವುದಾದರೆ ಆ ಹುಡುಗಿಯನ್ನು ಕೂರಿಸಿಕೊಂಡು ಚೀಟಿ, ಪ್ರಶ್ನೆ ಎರಡನ್ನೂ ತೋರಿಸಿ, ಏನನ್ನುತ್ತಾಳೆ ಕೇಳಿ. ಬೈಯಬೇಡಿ ಮತ್ತೆ. ಚೀಟಿಯ ಫೋಟೋ ಹಾಕುವುದಕ್ಕೆ ಅವಳನ್ನೂ ಮನೆಯವರನ್ನೂ ಕೇಳಿ ಒಪ್ಪಿಗೆ ತೆಗೆದುಕೊಳ್ಳಿ. ಹೆಸರು, ಊರು, ಶಾಲೆಯ ಸೀಲು ಮುಚ್ಚಿ ಫೋಟೋ ತೆಗೆದು ಕಳಿಸಿ.

ಸಂಪಾದಕ