ಲಿಕ್ವಿಡ್ ಕ್ರಿಸ್ಟಲ್‌ಗೆ ನ್ಯಾನೊಟ್ಯೂಬ್ ಬೆರೆಸಿದರೆ ಸೆಲ್ ಯಾಕೆ ಶಾರ್ಟ್ ಆಗುತ್ತದೆ?

5ಸಿಬಿ ಎಂಬ ಲಿಕ್ವಿಡ್ ಕ್ರಿಸ್ಟಲ್‌ಗೆ ನೂರಕ್ಕೆ 0.5 ಪಾಲು ಕಾರ್ಬನ್ ನ್ಯಾನೊಟ್ಯೂಬ್ (ಕಾರ್ಬನ್ನಿನ ಅತಿ ಸಣ್ಣ ಕೊಳವೆ) ಹಾಕಿದ್ದೀರಿ, ಎರಡು ಗಾಜಿನ ನಡುವೆ ಅದನ್ನು ತುಂಬಿದ ಒಂದು ಸೆಲ್ ವೋಲ್ಟೇಜ್ ಕೊಟ್ಟ ತಕ್ಷಣ ಶಾರ್ಟ್ ಆಯಿತು, ಇನ್ನೊಂದರಲ್ಲಿ 20 ಹರ್ಟ್ಸ್‌ಗೆ ಡೈಎಲೆಕ್ಟ್ರಿಕ್ ಬೆಲೆ (ವಸ್ತು ಎಷ್ಟು ಚಾರ್ಜ್ ಹಿಡಿಯುವಂತೆ ಮಾಡುತ್ತದೆ ಎಂಬ ಅಳತೆ) ಎಲ್ಲೋ ಮೇಲೆ ಹೋಗಿ ಕೂತಿದೆ, ಅಲ್ವಾ? ನಾನೂ ತುಮಕೂರಿನಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುವಾಗ ಇದೇ ತಪ್ಪು ಮಾಡಿದ್ದೆ.

0.5 ತುಂಬಾ ಜಾಸ್ತಿ. 0.01, 0.02ರಿಂದ ಶುರು ಮಾಡಿ. ಈ ಟ್ಯೂಬ್‌ಗಳು ಒಂದಕ್ಕೊಂದು ಅಂಟಿಕೊಳ್ಳುವ ಜಾತಿ, ನಮ್ಮ ಕಡೆ ತೆಂಗಿನ ನಾರು ಒದ್ದೆಯಾಗಿ ಉಂಡೆ ಕಟ್ಟುತ್ತದಲ್ಲ, ಹಾಗೆ. ಸೆಲ್‌ನ ಎರಡು ಗಾಜಿನ ನಡುವೆ ಇರುವುದೇ ಐದಾರು ಮೈಕ್ರಾನ್ ಜಾಗ, ಉಂಡೆ ಅದಕ್ಕಿಂತ ದಪ್ಪ. ಇನ್ನೊಂದು ವಿಷಯ: ವೋಲ್ಟೇಜ್ ಕೊಟ್ಟಾಗ ಲಿಕ್ವಿಡ್ ಕ್ರಿಸ್ಟಲ್ ಅಣುಗಳು ಎದ್ದು ನಿಲ್ಲುತ್ತವೆ, ಅವುಗಳ ಜೊತೆ ಟ್ಯೂಬ್‌ಗಳೂ ಏಳುತ್ತವೆ, ಉದ್ದದ್ದು ಒಂದು ಎರಡೂ ಗಾಜಿನ ಎಲೆಕ್ಟ್ರೋಡ್‌ಗೆ ತಾಗಿದರೆ ಕರೆಂಟ್‌ಗೆ ಸೇತುವೆ ಸಿಕ್ಕಿತು. ಅದಕ್ಕೇ ವೋಲ್ಟೇಜ್ ಕೊಟ್ಟ ಮೇಲೆ ಶಾರ್ಟ್ ಆಗಿದ್ದು.

ತೂಕದ ಕಷ್ಟ ಬೇರೆ. ಒಂದು ಗ್ರಾಂನಲ್ಲಿ ನೂರಕ್ಕೆ 0.02 ಪಾಲು ಅಂದರೆ 0.2 ಮಿಲಿಗ್ರಾಂ, ಲ್ಯಾಬಿನ ತಕ್ಕಡಿಯಲ್ಲಿ ಅದನ್ನು ನಂಬೋಕಾಗಲ್ಲ. ಮೊದಲು 0.1ರ ಮಿಶ್ರಣ ಮಾಡಿ, ಚೆನ್ನಾಗಿ ಸೋನಿಕೇಟ್ ಮಾಡಿ (ಅಂದರೆ ಶಬ್ದದ ಅಲೆಗಳಿಂದ ಉಂಡೆ ಬಿಡಿಸಿ), ಆಮೇಲೆ ಅದನ್ನೇ ಐದು ಪಟ್ಟು ತೆಳು ಮಾಡಿ. ಪ್ರತಿ ಸಲವೂ ಡೈಎಲೆಕ್ಟ್ರಿಕ್ ಅಳೆಯುವ ಎಲ್‌ಸಿಆರ್ ಮೀಟರ್‌ಗೆ ಮುಂಚೆ ಮೈಕ್ರೋಸ್ಕೋಪ್. ಕಪ್ಪು ಚುಕ್ಕೆ ಕಂಡರೆ ಆ ಸೆಲ್ ಪಕ್ಕಕ್ಕಿಡಿ, ಅಳೆದು ಗ್ರಾಫ್ ಹಾಕುವುದು ಸುಮ್ನೆ.

20 ಹರ್ಟ್ಸ್‌ನ ದೊಡ್ಡ ಬೆಲೆ ನೋಡಿ ಖುಷಿ ಪಡಬೇಡಿ. ಅದು ಬಹುಪಾಲು ಅಯಾನುಗಳು (ಚಾರ್ಜ್ ಇರುವ ಕಲ್ಮಶ ಕಣಗಳು) ಎಲೆಕ್ಟ್ರೋಡ್ ಹತ್ತಿರ ಗುಂಪುಗೂಡಿದ್ದರ ಫಲ. 1 ಕಿಲೋಹರ್ಟ್ಸ್‌ನಿಂದ ಮೇಲೆ ನೋಡಿ. ಬರೀ 5ಸಿಬಿಗೆ ಅಣುವಿನ ಉದ್ದಕ್ಕೆ 18ರ ಆಸುಪಾಸು, ಅಡ್ಡಕ್ಕೆ 6-7 ಬರಬೇಕು. ಅದು ಬರದಿದ್ದರೆ ಟ್ಯೂಬ್ ಮೇಲೆ ಗೂಬೆ ಕೂರಿಸಬೇಡಿ, ಸೆಲ್ಲನ್ನೇ ನೋಡಿ. ಸ್ವಲ್ಪವೇ ಟ್ಯೂಬ್ ಹಾಕಿದಾಗ ಕೆಲವು ಸಲ ಅವು ಅಯಾನುಗಳನ್ನು ಹಿಡಿದಿಟ್ಟು ಕಂಡಕ್ಟಿವಿಟಿ ಇಳಿಯುವುದೂ ಉಂಟು, ಜಾಸ್ತಿಯಾದಾಗ ಟ್ಯೂಬ್‌ಗಳ ಸಾಲೇ ತಂತಿಯಾಗಿ ಏರುತ್ತದೆ.

ಇನ್ನೊಂದು ಮರೆತಿದ್ದೆ. 5ಸಿಬಿ ಸುಮಾರು 35 ಡಿಗ್ರಿಗೆ ನೀರಿನಂತೆ ಆಗಿಬಿಡುತ್ತದೆ, ಆಮೇಲೆ ಅಡ್ಡ ಹಾಕಿದ ಪೋಲರೈಸರ್‌ಗಳ ನಡುವೆ ಪೂರ್ತಿ ಕತ್ತಲೆ. ಏಪ್ರಿಲ್‌ನಲ್ಲಿ ಫ್ಯಾನೂ ಇಲ್ಲದ ರೂಮು, ಜೊತೆಗೆ ಮೈಕ್ರೋಸ್ಕೋಪ್ ದೀಪದ ಬಿಸಿ. ನಾನು ಎರಡು ದಿನ ನ್ಯಾನೊಟ್ಯೂಬ್‌ಗೆ ಬೈದೆ, ಸಂಜೆ ತಣ್ಣಗಾದ ಮೇಲೆ ಬಣ್ಣ ತಾನಾಗಿಯೇ ವಾಪಸ್ ಬಂತು. ಸೆಲ್‌ನ ತಾಪಮಾನ ಹಿಡಿದಿಡುವ ಹಾಟ್ ಸ್ಟೇಜ್ ಇಲ್ಲದಿದ್ದರೆ ಬೆಳಿಗ್ಗೆ ಎಂಟಕ್ಕೇ ಲ್ಯಾಬಿಗೆ ಹೋಗಿ.